ಯಾವ ಸೆಟ್ ಒಳ್ಳೆಯದು? ಯಾವುದೂ ಅಲ್ಲ

ಪ್ರಶ್ನೆ: ಮಗ ಪ್ರಥಮ ಪಿಯುಸಿ. ಮನೆಯಲ್ಲೇ ಒಂದು ಸಣ್ಣ ಕೆಮಿಸ್ಟ್ರಿ ಲ್ಯಾಬ್ ಮಾಡಿಕೊಡೋಣ ಎಂದಿದ್ದೇನೆ. ರೌಂಡ್ ಬಾಟಮ್ ಫ್ಲಾಸ್ಕ್, ಕಂಡೆನ್ಸರ್ ಎಲ್ಲ ಇರುವ ದೊಡ್ಡ ಸೆಟ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತಿವೆ. ಯಾವುದನ್ನು ಕೊಳ್ಳಲಿ? (ದಾವಣಗೆರೆಯ ಓದುಗರು)

ಉತ್ತರ: ರಜೆ ಶುರುವಾದರೆ ಸಾಕು, ಇದೇ ಪ್ರಶ್ನೆ ಸಾಲುಸಾಲಾಗಿ ಬರುತ್ತದೆ. ಹುಡುಗ ಅದರಲ್ಲಿ ಏನು ಮಾಡಬೇಕೆಂದಿದ್ದಾನೆ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಕಂಡೆನ್ಸರ್ ಎಂದರೆ ಆವಿಯನ್ನು ತಣಿಸಿ ದ್ರವ ಮಾಡುವ ನಳಿಗೆ; ಅದಕ್ಕೆ ನಲ್ಲಿ ನೀರು ಒಂದೇ ಸಮನೆ ಹರಿಯಬೇಕು, ಎರಡು ಸ್ಟ್ಯಾಂಡ್ ಬೇಕು, ಜಾಯಿಂಟ್‌ಗಳ ಅಳತೆ ಹೊಂದಬೇಕು. 24/29 (ಮಿಮೀ ಲೆಕ್ಕದಲ್ಲಿ ಅಗಲ, ಉದ್ದ) ಎಂದಿರುವ ಜಾಯಿಂಟ್‌ಗೆ 19/26ರದ್ದು ಕೂರುವುದಿಲ್ಲ. ಇಷ್ಟೆಲ್ಲ ಮಾಡಿ ಅವನು ಬಟ್ಟಿ ಇಳಿಸುವುದಾದರೂ ಏನನ್ನು? ಆ ಸೆಟ್ ಶೋಕೇಸ್ ಸೇರುತ್ತದೆ.

ಈ ಮಟ್ಟಕ್ಕೆ ಬೇಕಾದದ್ದು ಟೈಟ್ರೇಶನ್ (ಒಂದು ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಇನ್ನೊಂದರ ಪ್ರಮಾಣ ಅಳೆಯುವುದು), ಸೋಸುವುದು, ಹರಳು ಬೆಳೆಸುವುದು. ಅಂಗಡಿಯ ವಿನೆಗರ್‌ನಲ್ಲಿ ಎಷ್ಟು ಆಮ್ಲವಿದೆ ಎಂದು ತಾನೇ ಅಳೆದು ನೋಡಲಿ. ಹರಳಿಗೆ ಪಟಿಕ ಸಾಕು. ಅಡಿಕೆ ತೋಟದವರ ಮನೆಯಾದರೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಇದ್ದೇ ಇರುತ್ತದೆ. ನೀಲಿ ಹರಳು ಚೆನ್ನಾಗಿ ಬರುತ್ತದೆ, ಕೈ ತೊಳೆಯದೆ ಊಟಕ್ಕೆ ಕೂರಬಾರದು ಅಷ್ಟೆ. ಇದಕ್ಕೆಲ್ಲ 100 ಮತ್ತು 250 ಮಿಲಿಯ ಬೀಕರ್ ಎರಡೆರಡು, 250 ಮಿಲಿ ಕೋನಿಕಲ್ ಫ್ಲಾಸ್ಕ್ ಎರಡು, ಹನ್ನೆರಡು ಟೆಸ್ಟ್ ಟ್ಯೂಬ್, ಫನೆಲ್, ಗಾಜಿನ ಕಡ್ಡಿ, 10 ಮಿಲಿ ಪಿಪೆಟ್ (ದ್ರವವನ್ನು ಅಳೆದು ಎಳೆದುಕೊಳ್ಳುವ ಗಾಜಿನ ನಳಿಗೆ), ಅದಕ್ಕೊಂದು ರಬ್ಬರ್ ಬಲ್ಬ್ ಇದ್ದರೆ ಆಯಿತು. ಪಿಪೆಟ್ ಅನ್ನು ಬಾಯಲ್ಲಿ ಎಳೆದು ತೋರಿಸುವ ಮೇಷ್ಟ್ರುಗಳು ಇನ್ನೂ ಇದ್ದಾರೆ. ಅವರ ಮಾತು ಕೇಳಬೇಡಿ. ಮೆಷರಿಂಗ್ ಸಿಲಿಂಡರ್ ಪ್ಲಾಸ್ಟಿಕ್‌ನದೇ ಇರಲಿ, ಹೇಗೂ ಅದನ್ನು ಕಾಯಿಸುವಂತಿಲ್ಲ. ಟೈಟ್ರೇಶನ್‌ಗೆ ಹನಿಹನಿಯಾಗಿ ದ್ರಾವಣ ಬಿಡುವ ಬ್ಯೂರೆಟ್ ಒಂದು ಬೇಕು, ಅದಕ್ಕೆ ಟೆಫ್ಲಾನ್ ಕಾಕ್ (ತಿರುಗಿಸುವ ನಲ್ಲಿ) ಇರಲಿ. ಗಾಜಿನ ಕಾಕ್ ಇರುವ ಬ್ಯೂರೆಟ್‌ನಲ್ಲಿ ಕಾಸ್ಟಿಕ್ ಸೋಡಾ ಬಿಟ್ಟು ಮಲಗಿದರೆ ಕಾಕ್ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ತಿರುಗಿಸಹೋದರೆ ಮುರಿಯುತ್ತದೆ.

ಬೀಕರ್ ಮೇಲಿನ ಗೆರೆ ನಂಬಿ ದ್ರಾವಣ ತಯಾರಿಸಬೇಡಿ. ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ಇರುತ್ತದೆ ಎಂದು ಎಷ್ಟೋ ಬೀಕರ್‌ಗಳ ಮೇಲೆ ಅವರೇ ಅಚ್ಚು ಹಾಕಿರುತ್ತಾರೆ. ಉಳಿದ ಹಣದಲ್ಲಿ 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ತನ್ನಿ. ಅದಕ್ಕೂ ಮೊದಲು ಪಕ್ಕಗಳೂ ಮುಚ್ಚುವಂಥ ಗಾಗಲ್ಸ್. ‘ಅವನಿಗೆ ಕನ್ನಡಕ ಇದೆಯಲ್ಲ’ ಎನ್ನಬೇಡಿ. ಕನ್ನಡಕದ ಸಂದಿಯಿಂದ ಕಾಸ್ಟಿಕ್ ಸೋಡಾದ ಒಂದು ಹನಿ ನುಗ್ಗಿದರೂ ಕಣ್ಣಿನ ಪಾಪೆ ಹಾಳಾಗುತ್ತದೆ.

ಇನ್ನು ಗಾಜು. ಕಾಯಿಸುವ ಪಾತ್ರೆ ಬೋರೊಸಿಲಿಕೇಟ್ (ಬಿಸಿಗೆ ಸುಲಭವಾಗಿ ಒಡೆಯದ ಗಾಜು) ಆಗಿರಲೇಬೇಕು. ಅದರ ಮೇಲೆ 3.3 ಎಂದಿದ್ದರೆ ಅದು ಬೆಲೆಯೂ ಅಲ್ಲ, ಮಾಡೆಲ್ ನಂಬರೂ ಅಲ್ಲ: ಒಂದು ಡಿಗ್ರಿ ಬಿಸಿಯೇರಿದರೆ ಹತ್ತು ಲಕ್ಷದಲ್ಲಿ 3.3 ಪಾಲು ಹಿಗ್ಗುತ್ತದೆ ಎಂದು ಲೆಕ್ಕ. ಮಾಮೂಲಿ ಸೋಡಾ ಗಾಜು ಸುಮಾರು 9 ಪಾಲು ಹಿಗ್ಗುತ್ತದೆ, ಅದಕ್ಕೇ ಒಡೆಯುತ್ತದೆ. ಅಂಗಡಿಯವನು ಉಗುರಿನಿಂದ ತಟ್ಟಿ ‘ಸೌಂಡ್ ಕೇಳಿ ಸಾರ್’ ಎಂದರೆ ಕೇಳಿ ಸುಮ್ಮನಾಗಿ. ಸದ್ದಿನಲ್ಲಿ ಏನೂ ತಿಳಿಯುವುದಿಲ್ಲ. ಅನುಮಾನವಿದ್ದರೆ ಒಂದು ಲೋಟಕ್ಕೆ ಸೂರ್ಯಕಾಂತಿ ಎಣ್ಣೆ ಹಾಕಿ ಟೆಸ್ಟ್ ಟ್ಯೂಬನ್ನು ಒಳಗೂ ಎಣ್ಣೆ ತುಂಬುವಂತೆ ಮುಳುಗಿಸಿ. ಬೋರೊಸಿಲಿಕೇಟ್ ಆದರೆ ಎಣ್ಣೆಯೊಳಗಿನ ಭಾಗ ಬಹುಮಟ್ಟಿಗೆ ಮಾಯವಾಗುತ್ತದೆ, ಅಚ್ಚು ಹಾಕಿದ ಅಕ್ಷರ ಮಾತ್ರ ತೇಲಿದಂತೆ ಕಾಣುತ್ತದೆ. ಎಣ್ಣೆ, ಗಾಜು ಎರಡರ ವಕ್ರೀಭವನಾಂಕವೂ (ಬೆಳಕನ್ನು ಬಾಗಿಸುವ ಪ್ರಮಾಣ) 1.47ರ ಆಸುಪಾಸು. ಸೋಡಾ ಗಾಜಿನದು 1.52, ಅದರ ಅಂಚು ಎದ್ದು ಕಾಣುತ್ತದೆ.

ಹಾಗೆಂದು ಬೋರೊಸಿಲಿಕೇಟ್ ಒಡೆಯುವುದೇ ಇಲ್ಲ ಎಂದುಕೊಳ್ಳಬೇಡಿ. ಒಲೆಯಿಂದ ಇಳಿಸಿ ಒದ್ದೆ ಗ್ರಾನೈಟ್ ಕಟ್ಟೆಯ ಮೇಲಿಟ್ಟರೆ ಅದೂ ಸೀಳುತ್ತದೆ. ಕಾಯಿಸುವಾಗ ಬೀಕರ್ ಕೆಳಗೆ ವೈರ್ ಗಾಜ್ (ತಂತಿಯ ಬಲೆ) ಇರಲಿ. ನಡುವೆ ಆಸ್ಬೆಸ್ಟಾಸ್ ಇರುವ ಹಳೆಯದು ಬೇಡ, ಸೆರಾಮಿಕ್‌ನದು ಕೇಳಿ. ರಬ್ಬರ್ ಕಾರ್ಕ್‌ಗೆ ಗಾಜಿನ ನಳಿಗೆ ಹಾಕುವಾಗ ಗ್ಲಿಸರಿನ್ ಸವರಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಕಾರ್ಕ್‌ನ ಹತ್ತಿರವೇ ಹಿಡಿದು ತಿರುಗಿಸುತ್ತ ತಳ್ಳಬೇಕು. ಅಂಗೈಗೆ ಹೊಲಿಗೆ ಹಾಕಿಸಿಕೊಂಡು ಬಂದ ವಿದ್ಯಾರ್ಥಿಗಳನ್ನು ನಾನು ಕಂಡದ್ದು ಹೆಚ್ಚಾಗಿ ಇದೊಂದೇ ಕೆಲಸದಿಂದ. ಆಸಿಡ್‌ನಿಂದಲ್ಲ.

ಪ್ರಶ್ನೆ: ಸ್ಪಿರಿಟ್ ಲ್ಯಾಂಪ್‌ಗೆ ಸ್ಯಾನಿಟೈಸರ್ ಹಾಕಬಹುದೇ?

ಉತ್ತರ: ಬೇಡ. ಜೆಲ್ ಬತ್ತಿಗೆ ಏರುವುದಿಲ್ಲ; ಚೆಲ್ಲಿ ಹೊತ್ತಿಕೊಂಡರೆ ಹಗಲಿನಲ್ಲಿ ಜ್ವಾಲೆ ಸರಿಯಾಗಿ ಕಾಣುವುದೂ ಇಲ್ಲ.

ಪ್ರಶ್ನೆ: ಹಳೆ ಮೊಬೈಲ್ ಬೋರ್ಡ್‌ಗಳಿಂದ ಚಿನ್ನ ತೆಗೆಯಲು ಎಂಥ ಫ್ಲಾಸ್ಕ್ ಬೇಕು?

ಉತ್ತರ: ವಿಡಿಯೊದಲ್ಲಿ ನೈಟ್ರಿಕ್ ಆಸಿಡ್ ಸುರಿದು ತೋರಿಸುವ ಆ ಪುಣ್ಯಾತ್ಮನನ್ನೇ ಕೇಳಿ. ಆಗ ಏಳುವ ಕಂದು ಹೊಗೆ ಕುಡಿದವರು ಸಂಜೆಯವರೆಗೆ ಚೆನ್ನಾಗಿದ್ದು, ರಾತ್ರಿ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರುವುದುಂಟು. ಅವನು ಅದನ್ನು ತೋರಿಸುವುದಿಲ್ಲ.

ಪ್ರಶ್ನೆ: ಅಂಗಡಿಯವರು ಮಗನಿಗೆ ಆಸಿಡ್ ಕೊಡಲಿಲ್ಲ. ಏನು ಮಾಡಲಿ?

ಉತ್ತರ: ಅವರು ಮಾಡಿದ್ದು ಸರಿ. 18 ತುಂಬದವರಿಗೆ ಆಸಿಡ್ ಮಾರಬಾರದೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ವಿನೆಗರ್, ನಿಂಬೆಹುಳಿ ಸಾಕು.

ಪ್ರಶ್ನೆ: ಬೀಕರ್ ತಳದಲ್ಲಿ ನಕ್ಷತ್ರದಂಥ ಸಣ್ಣ ಬಿರುಕು. ತಣ್ಣೀರಿಗಾದರೂ ಬಳಸಬಹುದೇ?

ಉತ್ತರ: ಇಲ್ಲ. ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಒಡೆದ ಗಾಜು’ ಎಂದು ಬರೆದು, ಕಸದ ಗಾಡಿಯವರಿಗೆ ಹೇಳಿ ಕೊಡಿ.