ಜೆಂಬೆ ಕಲಿಯಲು ಸಂಗೀತ ಗೊತ್ತಿರಬೇಕಾ?

ಪ್ರಶ್ನೆ: ಪಶ್ಚಿಮ ಆಫ್ರಿಕಾದ ಡ್ರಮ್ ಮತ್ತು ಕುಣಿತದ ಕಾರ್ಯಾಗಾರಕ್ಕೆ ಸೇರುವ ಆಸೆ. ಸಂಗೀತವೂ ಗೊತ್ತಿಲ್ಲ, ಕುಣಿದೂ ಅಭ್ಯಾಸವಿಲ್ಲ. ಹೋಗಬಹುದಾ?

ಉತ್ತರ: ಖಂಡಿತ ಹೋಗಿ. ಇಂಥ ಕಡೆ ಹೆಚ್ಚಾಗಿ ಕಲಿಸುವುದು ಜೆಂಬೆ, ಅದು ಗಿನಿ ಮತ್ತು ಮಾಲಿಯ ಮಾಂಡೆ ಜನರ ವಾದ್ಯ. ಒಂದೇ ಮರದ ತುಂಡು ಕೊರೆದು ಮೇಲೆ ಆಡಿನ ಚರ್ಮ ಬಿಗಿದಿರುತ್ತಾರೆ. ಮುಖ್ಯ ಪೆಟ್ಟುಗಳು ಮೂರೇ. ಅಂಗೈಯನ್ನು ಚರ್ಮದ ನಡುವೆ ಹಾಕಿದರೆ ಬೇಸ್, ಬೆರಳು ಜೋಡಿಸಿ ಅಂಚಿನ ಹತ್ತಿರ ಹೊಡೆದರೆ ಟೋನ್. ಮೂರನೆಯದು ಸ್ಲ್ಯಾಪ್, ಅದು ಕೈಗೆ ಹತ್ತಲು ಸಮಯ ಬೇಕು, ಸುಮ್ನೆ ಜೋರಾಗಿ ಬಡಿದು ಕೈ ನೋಯಿಸಿಕೊಳ್ಳಬೇಡಿ, ಉಂಗುರವನ್ನಂತೂ ಮೊದಲೇ ತೆಗೆದಿಡಿ.

ನನ್ನ ಕೇಳಿದರೆ, ಕಿವಿಯನ್ನು ಜಾಸ್ತಿ ದುನುನ್ ಎಂಬ ಡ್ರಮ್‌ಗಳ ಕಡೆ ಇಡಿ. ಕೋಲಿನಿಂದ ಬಾರಿಸುವ ಕೆನ್ಕೆನಿ, ಸಂಗ್ಬಾನ್, ದುಂದುನ್ಬಾ ಎಂಬ ಈ ಮೂರು ಡ್ರಮ್‌ಗಳೇ ಇಡೀ ತಾಳವನ್ನು ಹಿಡಿದು ನಿಲ್ಲಿಸುತ್ತವೆ. ಕುಣಿತದಲ್ಲಿ ಲೆಕ್ಕ ಎಣಿಸುತ್ತಾ ಇರಬೇಡಿ. ಮುಖ್ಯ ಜೆಂಬೆಯವರು ನಡುವೆ ಒಂದು ಸೂಚನೆ ಬಾರಿಸುತ್ತಾರೆ, ಕೇಳಿದ ಕೂಡಲೇ ಎಲ್ಲರೂ ಹೆಜ್ಜೆ ಬದಲಿಸಬೇಕು, ಎಣಿಸುವವರಿಗೆ ಅದೇ ತಪ್ಪಿಹೋಗುತ್ತದೆ ಅಲ್ವಾ! ಈ ತಾಳ ಯಾವ ಜನರದು, ಯಾವ ಸಂದರ್ಭದಲ್ಲಿ ಬಾರಿಸುತ್ತಾರೆ ಅಂತ ಹೇಳಿಕೊಡುವ ಗುರುಗಳು ಸಿಕ್ಕರೆ ಅವರ ಬಳಿಯೇ ಸೇರಿಕೊಳ್ಳಿ.