ಕೈಹೆಣಿಗೆಯ ಟೋಪಿ, ಸ್ವೆಟರ್ ಮೇಳಕ್ಕೆ ಒಯ್ಯುವ ಮುಂಚೆ

ಪ್ರಶ್ನೆ: ನಾನು ಚಿಕ್ಕಮಗಳೂರಿನವಳು, ವಯಸ್ಸು 54. ಮದುವೆಗೆ ಮುಂಚಿನಿಂದಲೂ ಸ್ವೆಟರ್ ಹೆಣೆಯುತ್ತೇನೆ. ಮನೆಯವರಿಗೆ, ನೆಂಟರ ಮಕ್ಕಳಿಗೆ ಕೊಟ್ಟು ಕೊಟ್ಟು ಈಗ ಯಾರಿಗೂ ಬೇಡವಾಗಿದೆ. ಬೆಂಗಳೂರಲ್ಲಿರುವ ಮಗಳು ಅವರ ಅಪಾರ್ಟ್‌ಮೆಂಟಿನ ಡಿಸೆಂಬರ್ ಮೇಳದಲ್ಲಿ ನನಗೆ ಒಂದು ಟೇಬಲ್ ಹಿಡಿದಿದ್ದಾಳೆ. ಎರಡು ದಿನ, ಬಾಡಿಗೆ 3000 ರೂಪಾಯಿ. ಮನೆಯಲ್ಲಿ ದೊಡ್ಡವರ 11 ಸ್ವೆಟರ್, ಒಂದಷ್ಟು ಟೋಪಿ, ಮಕ್ಕಳ ಸೆಟ್ ಇವೆ. ಏನೇನು ತಯಾರಿ ಬೇಕು? ಬೆಲೆ ಎಷ್ಟು ಹಾಕಲಿ?

ಉತ್ತರ: ಮೊದಲಿಗೇ ಒಂದು ಕಹಿ ಮಾತು ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಆ 11 ಸ್ವೆಟರಲ್ಲಿ ಎರಡನ್ನು ಮಾತ್ರ ತನ್ನಿ. ನಿಮ್ಮೂರಿನ ಚಳಿಯ ಲೆಕ್ಕ ಬೆಂಗಳೂರಿಗೆ ಹೊಂದಲ್ಲ. ಇಲ್ಲಿ ಡಿಸೆಂಬರ್ ರಾತ್ರಿ 15-16 ಡಿಗ್ರಿಗೆ ಇಳಿದರೆ ಅದೇ ದೊಡ್ಡ ಚಳಿ. ಬೆಳಿಗ್ಗೆ ವಾಕಿಂಗ್ ಹೋಗುವ ಹಿರಿಯರನ್ನು ಬಿಟ್ಟರೆ ದಪ್ಪ ಸ್ವೆಟರ್ ಬೇಕು ಅನ್ನುವವರು ಕಡಿಮೆ. ಇನ್ನೊಂದು ತೊಡಕು ದುಡ್ಡಿನದು. ಕೈ ಎಷ್ಟೇ ಚುರುಕಾಗಿದ್ದರೂ ದೊಡ್ಡವರ ಸ್ವೆಟರಿಗೆ 40 ಗಂಟೆ ಹಿಡಿಯುತ್ತೆ ಅಲ್ವಾ? ಗಂಟೆಗೆ 80 ರೂಪಾಯಿ ಅಂತ ಇಟ್ಟರೂ ಕೂಲಿಯೇ 3200 ಆಯಿತು, ಉಲನ್ ದುಡ್ಡು ಬೇರೆ. ಸಂಜೆ ಪಾನಿಪುರಿ ತಿನ್ನಲು ಕೆಳಗಿಳಿದು ಬಂದವರು ಅಷ್ಟು ಕೊಡಲ್ಲ. ನೀವು 900ಕ್ಕೆ ಕೊಟ್ಟು ಬರ್ತೀರ, ಮನೆಗೆ ಬಂದು ಕೊರಗ್ತೀರ. ನಿಮ್ಮ ಕೈಚಳಕ ಚೆನ್ನಾಗಿ ಕಾಣುವ ಎರಡನ್ನು ನೇತುಹಾಕಿ, ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಬೇಕಾದವರು ಅಳತೆ ಬರೆಸಿ, ಅರ್ಧ ಮುಂಗಡ ಕೊಟ್ಟು ಹೋಗಲಿ.

ಟೇಬಲ್ ಮೇಲೆ ಓಡುವ ಸರಕು ಅಂದರೆ ಟೋಪಿ, ಕುಲಾವಿ, ಕಾಲುಚೀಲ, ಮಫ್ಲರ್, ಕೂಸಿನ ಸೆಟ್. ಯಾರದೋ ಮನೆಯಲ್ಲಿ ನಾಮಕರಣ ಇದ್ದೇ ಇರುತ್ತೆ. ಉಡುಗೊರೆಗೆ ಅಂತ ಕೊಳ್ಳುವವರು ನಿಮ್ಮ ಮುಖ್ಯ ಗಿರಾಕಿಗಳು. ದಿಲ್ಲಿಗೋ ವಿದೇಶಕ್ಕೋ ಹೊರಟವರು ನಂತರ ಬರುತ್ತಾರೆ.

ಈಗ ತಯಾರಿ. ಇಷ್ಟು ವರ್ಷ ನೀವು ಹೆಣೆದದ್ದನ್ನು ತೊಟ್ಟವರೆಲ್ಲ ನಿಮ್ಮವರು. ತೋಳು ಅರ್ಧ ಇಂಚು ಉದ್ದ ಆದರೂ, ಒಳಗೆ ಎಳೆ ಜೋತಾಡಿದರೂ, ಅತ್ತೆ ಹಾಕಿದ ಸ್ವೆಟರು ಅಂತ ಪ್ರೀತಿಯಿಂದ ತೊಟ್ಟರು. ದುಡ್ಡು ಕೊಡುವವರಿಗೆ ನೀವು ಯಾರೂ ಅಲ್ಲ. ಅವರು ಟೋಪಿ ಕೈಗೆತ್ತಿಕೊಂಡು ಮೊದಲು ಮಾಡುವ ಕೆಲಸ ಒಳಮಗ್ಗುಲು ತಿರುಗಿಸಿ ನೋಡುವುದು. ಹದಿನೈದು ವರ್ಷದಿಂದ ಸ್ಟಾಲ್ ಹಾಕುತ್ತಿದ್ದೇನೆ, ಈ ಒಂದು ಅಭ್ಯಾಸ ಮಾತ್ರ ಎಲ್ಲ ಗಿರಾಕಿಗಳಲ್ಲೂ ಕಂಡಿದ್ದೇನೆ. ಹಾಗಾಗಿ ಇವತ್ತೇ ಎಲ್ಲವನ್ನೂ ತಿರುಗಿಸಿ ಒಂದು ರಾಶಿ ಹಾಕಿ.

ಎಳೆಯ ತುದಿಗೆ ಗಂಟು ಹಾಕಿ ಕತ್ತರಿಸಿದ್ದೀರಾ? ಅಕ್ರಿಲಿಕ್ ಜಾರುವ ನೂಲು, ನಾಲ್ಕು ಸಲ ಒಗೆದರೆ ಗಂಟು ಬಿಚ್ಚಿಕೊಳ್ಳುತ್ತೆ. ಮುಂದಿನದಕ್ಕೆ ಆರು ಇಂಚು ತುದಿ ಬಿಡಿ. ಅದನ್ನು ದಪ್ಪ ಸೂಜಿಗೆ ಪೋಣಿಸಿ ಹಿಂಬದಿಯಲ್ಲಿ ಒಂದು ದಿಕ್ಕಿಗೆ ಎರಡು ಇಂಚು ತೂರಿಸಿ, ವಾಪಸ್ ತಿರುಗಿಸಿ, ಮತ್ತೆ ಒಂದು ಸಲ ಅಡ್ಡಕ್ಕೆ ತೂರಿಸಿ. ಆಮೇಲೆ ಟೋಪಿಯನ್ನು ಎರಡೂ ಕಡೆ ಹಿಗ್ಗಿಸಿ ಎಳೆದು, ಉಳಿದ ತುದಿ ಕತ್ತರಿಸಿ. ಹಿಗ್ಗಿಸದೆ ಕತ್ತರಿಸಿದರೆ ತೊಟ್ಟಾಗ ತುದಿ ಹೊರಗೆ ಇಣುಕುತ್ತೆ.

ಆಮೇಲೆ ತೊಳೆಯಿರಿ. ಹೊಸದನ್ನೇ ತೊಳೀಬೇಕಾ ಅಂತ ಕೇಳುವವರು ಜಾಸ್ತಿ. ಹೌದು, ತೊಳೀಲೇಬೇಕು. ತಿಂಗಳುಗಟ್ಟಲೆ ಮಡಿಲಲ್ಲಿ, ಸೋಫಾ ಮೇಲೆ, ಟಿವಿ ಮುಂದೆ ಇದ್ದ ನೂಲು ಅದು. ಅಡುಗೆಮನೆಯ ಒಗ್ಗರಣೆ ವಾಸನೆ ನಮ್ಮ ಮೂಗಿಗೆ ಗೊತ್ತಾಗಲ್ಲ, ಬೇರೆಯವರಿಗೆ ಗೊತ್ತಾಗುತ್ತೆ. ನಿಜವಾದ ಉಣ್ಣೆಯಾದರೆ ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರಿಗೆ ಉಣ್ಣೆ ಬಟ್ಟೆಯ ದ್ರವ ಸೋಪು ಎರಡು ಹನಿ ಹಾಕಿ 20 ನಿಮಿಷ ನೆನೆಸಿ, ಉಜ್ಜಬೇಡಿ, ಹಿಂಡಬೇಡಿ. ಬಿಸಿನೀರಿನಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕುಗ್ಗುತ್ತೆ, ಆಮೇಲೆ ಏನು ಮಾಡಿದರೂ ಸರಿಹೋಗಲ್ಲ. ಟವೆಲ್ಲಿನಲ್ಲಿ ಸುತ್ತಿ, ಒತ್ತಿ ನೀರು ತೆಗೆಯಿರಿ. ಚಾಪೆ ಮೇಲೆ ಇನ್ನೊಂದು ಟವೆಲ್ ಹಾಸಿ, ಅದರ ಮೇಲೆ ಟೇಪು ಹಿಡಿದು ಅಳತೆಗೆ ಸರಿಯಾಗಿ ಎಳೆದು, ತುಕ್ಕು ಹಿಡಿಯದ ಪಿನ್ನು ಚುಚ್ಚಿ ನೆರಳಲ್ಲಿ ಮಲಗಿಸಿ ಒಣಗಿಸಿ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಸ್ವೆಟರು ಮೊಣಕಾಲಿಗೆ ಇಳಿಯುತ್ತೆ. ಅಂಕುಡೊಂಕಾದ ಅಂಚು, ಸುರುಟಿಕೊಂಡ ಮೂಲೆ ಇದರಲ್ಲೇ ಅರ್ಧ ಸರಿಹೋಗುತ್ತೆ. ನೀವೇ ಹೆಣೆದದ್ದಾ ಅಂತ ನಿಮಗೇ ಅನುಮಾನ ಬರಬೇಕು, ಹಾಗೆ ಕಾಣುತ್ತೆ.

ಗಾಢ ಕೆಂಪು, ಕಡುನೀಲಿ ಇದ್ದರೆ ಬಣ್ಣ ಬಿಡುತ್ತದಾ ನೋಡಿ. ಒದ್ದೆ ಬಿಳಿ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿದರೆ ಗೊತ್ತಾಗುತ್ತೆ. ಬಣ್ಣ ಬಿಡುವಂಥದ್ದು ಮನೆಯಲ್ಲೇ ಇರಲಿ.

ಅಳತೆ ಚೀಟಿ ಹಾಕದೆ ಬರುವವರೇ ಹೆಚ್ಚು. "1-2 ವರ್ಷ" ಅಂತ ಬರೆದರೆ ಸಾಲದು, ಸೆಂಟಿಮೀಟರ್ ಬರೆಯಿರಿ. ಹುಟ್ಟಿದ ಕೂಸಿನ ತಲೆ ಸುತ್ತಳತೆ ಸುಮಾರು 35 ಸೆಂ.ಮೀ., ಆರು ತಿಂಗಳಿಗೆ 43, ವರ್ಷಕ್ಕೆ 46ರ ಹತ್ತಿರ. ಟೋಪಿ ಹಿಗ್ಗುವುದರಿಂದ ಎರಡು ಮೂರು ಸೆಂ.ಮೀ. ಚಿಕ್ಕದೇ ಇರಲಿ. ಅಂದಾಜಿಗೆ ಹೆಣೆದ ಕುಲಾವಿಗಳೆಲ್ಲ ನಾಲ್ಕು ತಿಂಗಳ ಮಗುವಿನ ಅಳತೆಯದೇ ಆಗಿರುತ್ತವೆ, ಯಾಕೋ ಗೊತ್ತಿಲ್ಲ, ನನ್ನವೂ ಹಾಗೇ ಆಗುತ್ತಿದ್ದವು.

ಅದೇ ಚೀಟಿಯಲ್ಲಿ ನೂಲು ಯಾವುದು ಅಂತಲೂ ಇರಲಿ. ನಮ್ಮಲ್ಲಿ ಉಲನ್ ಕೊಡಿ ಅಂದರೆ ಅಂಗಡಿಯವರು ಕೊಡುವುದು ಬಹುಪಾಲು ಅಕ್ರಿಲಿಕ್. ಅದು ಕೆಟ್ಟದ್ದೇನೂ ಅಲ್ಲ, ಚುಚ್ಚಲ್ಲ, ಮಕ್ಕಳ ಬಟ್ಟೆಗೆ ಸಲೀಸು. ಆದರೆ ಉಣ್ಣೆ ಅಂತ ಹೇಳಿ ಮಾರಬೇಡಿ. ಹಳೇ ಉಂಡೆ, ಲೇಬಲ್ ಕಳೆದುಹೋಗಿದೆ ಅಂದರೆ ಎರಡು ಇಂಚು ಎಳೆಯನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಅಕ್ರಿಲಿಕ್ ಕರಗಿ ಕಪ್ಪು ಮಣಿಯ ಹಾಗೆ ಗಟ್ಟಿಯಾಗುತ್ತೆ. ಚೀಟಿಯಲ್ಲಿ ಇಷ್ಟು ಸಾಕು: "ಅಕ್ರಿಲಿಕ್. ತಲೆ ಸುತ್ತಳತೆ 43 ಸೆಂ.ಮೀ. ತಣ್ಣೀರಲ್ಲಿ ಕೈಯಲ್ಲಿ ಒಗೆಯಿರಿ, ಹಿಂಡಬೇಡಿ, ಮಲಗಿಸಿ ಒಣಗಿಸಿ. ಇಸ್ತ್ರಿ ಬೇಡ." ಹಿಂದೆ ನಿಮ್ಮ ಹೆಸರು, ಫೋನ್ ನಂಬರ್.

ಬೆಲೆಗೆ ಬರೋಣ. 60 ಪೀಸ್ ಒಯ್ದರೆ 40 ಹೋಗುತ್ತೆ ಅಂತಿಟ್ಟುಕೊಂಡು ಬಾಡಿಗೆ ಹಂಚಿ, ಪೀಸಿಗೆ 75 ರೂಪಾಯಿ ಬಂತು. ದೊಡ್ಡವರ ಟೋಪಿಗೆ ನಾಲ್ಕು ಗಂಟೆ, ಅಂದರೆ 320. ಉಲನ್‌ಗೆ 70 ಅಂದುಕೊಳ್ಳಿ, ಚೀಟಿ, ಕವರು 10. ಒಟ್ಟು 475, ನೀವು 500 ಹಾಕಿ. ಕುಲಾವಿಗೆ ಎರಡು ಗಂಟೆ, 160, ಉಲನ್ 30, ಚೀಟಿ 10, ಬಾಡಿಗೆ 75, ಒಟ್ಟು 275. ಅದಕ್ಕೆ 300. ಜಾಸ್ತಿ ಆಯ್ತು ಅನ್ನಿಸುತ್ತಾ? ಸುಮ್ನೆ ಟಿವಿ ನೋಡ್ತಾ ಹೆಣೆದದ್ದು, ಕೂಲಿ ಯಾಕೆ ಅನ್ನುವ ಮಾತು ಬೇಡ. ನೀವು 100 ರೂಪಾಯಿಗೆ ಕೊಟ್ಟರೆ ಪಕ್ಕದ ಟೇಬಲ್ಲಿನಲ್ಲಿ ಇದರಲ್ಲೇ ಹೊಟ್ಟೆ ಹೊರೆಯುವ ಇನ್ನೊಬ್ಬಳ ಟೋಪಿಯೂ 100ಕ್ಕೆ ಇಳಿಯುತ್ತೆ.

ಟೇಬಲ್ ಮೇಲೆ ಮಡಚಿ ಅಡಕಿದರೆ ಯಾರೂ ಮುಟ್ಟಲ್ಲ. ಹಿಂದೆ ಒಂದು ಹಗ್ಗ ಕಟ್ಟಿ ಕ್ಲಿಪ್ಪಿನಲ್ಲಿ ತೂಗುಹಾಕಿ. ಕುಲಾವಿಗಳನ್ನು ಬೋರಲು ಹಾಕಿದ ಚೊಂಬಿನ ಮೇಲೆ ಕೂರಿಸಿ. ದೇವರ ಮನೆಯ ಹಿತ್ತಾಳೆ ಚೊಂಬೂ ಆದೀತು, ನೋಡೋಕೂ ಚೆಂದ. ಎಲ್ಲಕ್ಕಿಂತ ಮುಖ್ಯ ಒಂದು ಕನ್ನಡಿ. ಟೋಪಿ ಹಾಕಿ ಕನ್ನಡಿ ನೋಡಿಕೊಂಡವರು ವಾಪಸ್ ಇಡುವುದು ಕಷ್ಟ. ಒಂದು ಪ್ಲಾಸ್ಟಿಕ್ ಹಾಳೆ ಬ್ಯಾಗಲ್ಲಿರಲಿ, ಚೆನ್ನೈ ಕಡೆ ಚಂಡಮಾರುತ ಎದ್ದರೆ ಡಿಸೆಂಬರಲ್ಲೂ ಇಲ್ಲಿ ಜಿಟಿಜಿಟಿ ಹಿಡಿಯುತ್ತೆ.

ಪ್ರಶ್ನೆ: ಮೇಳದ ಹಿಂದಿನ ರಾತ್ರಿ ಚೆನ್ನಾಗಿ ಕಾಣಲಿ ಅಂತ ಮಫ್ಲರ್‌ಗೆ ಇಸ್ತ್ರಿ ಹಾಕಿದೆ. ಉಬ್ಬು ಡಿಸೈನೆಲ್ಲ ಚಪ್ಪಟೆಯಾಗಿ ಜೋತುಬಿದ್ದಿದೆ. ಸರಿಮಾಡಬಹುದಾ?

ಉತ್ತರ: ಅಕ್ರಿಲಿಕ್ ಆಗಿದ್ದರೆ ಆಗಲ್ಲ. ಅದು ಪ್ಲಾಸ್ಟಿಕ್ ಜಾತಿಯ ನೂಲು, ಬಿಸಿ ತಾಗಿದರೆ ಎಳೆ ಮೆತ್ತಗಾಗಿ ಹಾಗೇ ಉಳಿದುಬಿಡುತ್ತೆ. ಮುಂದಿನ ಸಲ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಗೆ ತಾಗಿಸದೆ ಒಂದು ಇಂಚು ಮೇಲೆ ಹಿಡಿದು ಹಬೆ ಮಾತ್ರ ಬಿಡಿ, ಪೂರಾ ಆರುವ ತನಕ ಎತ್ತಬೇಡಿ. ಈಗಿನ ಮಫ್ಲರನ್ನು ನೀವೇ ಹಾಕಿಕೊಳ್ಳಿ, ಕತ್ತಿಗೆ ಮೆತ್ತಗೆ ಹಿತವಾಗಿರುತ್ತೆ.

ಪ್ರಶ್ನೆ: ನಾನು ಕ್ರೋಶಾ ಗೊಂಬೆ, ಕೂಸಿನ ಕಾಲುಚೀಲ ಮಾಡುತ್ತೇನೆ. ಗೊಂಬೆಗೆ ಐಎಸ್‌ಐ ಗುರುತು ಬೇಕು ಅಂತ ಒಬ್ಬರು ಹೆದರಿಸಿದರು. ನಿಜವಾ?

ಉತ್ತರ: ಅವರು ಸುಳ್ಳು ಹೇಳಿಲ್ಲ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಆದರೆ ಕೇಂದ್ರ ಸರ್ಕಾರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಅವರು ಕೊಡುವ ಗುರುತಿನ ಚೀಟಿಗೆ ಪೆಹಚಾನ್ ಕಾರ್ಡ್ ಅನ್ನುತ್ತಾರೆ. ಗೊಂಬೆಯನ್ನೇ ಮುಖ್ಯವಾಗಿ ಮಾರುವುದಾದರೆ ಮೊದಲು ಅದಕ್ಕೆ ಅರ್ಜಿ ಹಾಕಿ. ಸ್ತ್ರೀಶಕ್ತಿ ಸಂಘದಲ್ಲಿದ್ದರೆ ಅಲ್ಲೂ ವಿಚಾರಿಸಿ, ಸ್ವಸಹಾಯ ಸಂಘಗಳಿಗೆ ಅಂತಲೇ ಸರಸ್ ಮೇಳ ನಡೆಯುತ್ತೆ.

ಕಾಗದಪತ್ರಕ್ಕಿಂತ ನನಗೆ ಚಿಂತೆ ಕಾಲುಚೀಲದ್ದು. ಒಳಗೆ ಒಂದೇ ಒಂದು ಸಡಿಲ ಎಳೆ ಉಳಿದರೂ ಅದು ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ಓಡದಂತೆ ಬಿಗಿಯಬಹುದು. ಮಗು ಅಳುತ್ತೆ, ಯಾಕೆ ಅಂತ ಯಾರಿಗೂ ತಿಳಿಯಲ್ಲ. ಪ್ರತಿ ಜೊತೆಯ ಒಳಗೂ ನಿಮ್ಮ ಬೆರಳು ಹಾಕಿ ತಡಕಿ ನೋಡಿ. ಎರಡು ಬಣ್ಣದ ಡಿಸೈನಾದರೆ ಹಿಂಬದಿಯ ಉದ್ದ ಎಳೆಗಳಿಗೆ ಒಳಗೆ ತೆಳು ಬಟ್ಟೆಯ ಅಸ್ತರಿ ಕೊಡಿ. ಕುಲಾವಿಗೆ ಕತ್ತಿನ ಕೆಳಗೆ ಕಟ್ಟುವ ಉದ್ದ ದಾರ ಬೇಡ. ಗೊಂಬೆಗೆ ಗುಂಡಿ ಕಣ್ಣು ಬೇಡ, ದಾರದಲ್ಲೇ ಕಣ್ಣು ಹೊಲಿಯಿರಿ. ಮಕ್ಕಳು ಮೊದಲು ಕೀಳುವುದೇ ಅದನ್ನು, ಆಮೇಲೆ ಬಾಯಿಗೆ.

ಪ್ರಶ್ನೆ: ಮೇಳದಲ್ಲಿ ಯುಪಿಐ ತೆಗೆದುಕೊಂಡರೆ ಜಿಎಸ್‌ಟಿ ನೋಟಿಸ್ ಬರುತ್ತಂತೆ, ಹೌದಾ?

ಉತ್ತರ: 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗಿನಿಂದ ಈ ಭಯ ಎಲ್ಲರಿಗೂ ಇದೆ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಬೇಕು. ಟೋಪಿ ಹೆಣೆದು 40 ಲಕ್ಷ ಮಾಡಿದರೆ ನನಗೂ ಒಂದು ಫೋನ್ ಮಾಡಿ. ಹುಡುಗಾಟ ಬಿಡಿ, ಕ್ಯೂಆರ್ ಹಾಳೆ ಇಟ್ಟುಕೊಳ್ಳಿ, ಮಾರಿದ್ದನ್ನೆಲ್ಲ ಬರೆದಿಡಿ. ಬೇರೆ ರಾಜ್ಯದ ಮೇಳಕ್ಕೆ ಹೋಗುವುದಾದರೆ ನಿಯಮ ಬೇರೆ, ತೆರಿಗೆ ಸಲಹೆಗಾರರನ್ನು ಕೇಳಿಯೇ ಹೊರಡಿ.

ಪ್ರಶ್ನೆ: ಮಾರದೆ ಉಳಿದ ಮಕ್ಕಳ ಸ್ವೆಟರ್‌ಗಳನ್ನು ಮುಂದಿನ ಚಳಿಗಾಲದವರೆಗೆ ಹೇಗೆ ಇಡಲಿ? ನುಸಿಗುಳಿಗೆ ಹಾಕಬಹುದಾ?

ಉತ್ತರ: ಮಕ್ಕಳ ಬಟ್ಟೆಗೆ ನುಸಿಗುಳಿಗೆ ಬೇಡವೇ ಬೇಡ. ವಾಸನೆ ಹೋಗಲ್ಲ ಅನ್ನುವುದೊಂದು. ಇನ್ನೊಂದು, ಅದರಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಕೂಸುಗಳ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಯಾವ ಕೂಸಿಗೆ ಆ ಕೊರತೆ ಇದೆಯೋ ಹೊರಗಿನಿಂದ ಗೊತ್ತಾಗಲ್ಲ. ಹುಳ ತಿನ್ನುವುದು ಉಣ್ಣೆಯನ್ನು, ಅದರಲ್ಲೂ ಬೆವರು, ಎಣ್ಣೆ ಕಲೆ ಇದ್ದದ್ದನ್ನು ಜಾಸ್ತಿ. ಶುದ್ಧ ಅಕ್ರಿಲಿಕ್ಕಿನ ಗೊಡವೆಗೆ ಅದು ಹೋಗುವುದು ಕಡಿಮೆ. ತೊಳೆದು ಪೂರ್ತಿ ಒಣಗಿಸಿ, ಹಳೇ ಹತ್ತಿ ದಿಂಬಿನ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಸುತ್ತ ಒಣಗಿದ ಬೇವಿನ ಸೊಪ್ಪು ಇಡಿ. ಮಲೆನಾಡಿನವರಾದರೆ ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಒಮ್ಮೆ ತೆಗೆದು ಕೊಡವಿ ಗಾಳಿಗೆ ಹಾಕಿ, ಮಡಿಕೆಯ ಗೆರೆ ಬದಲಿಸಿ ಮಡಚಿ. ಒಂದೇ ಗೆರೆಯಲ್ಲಿ ವರ್ಷ ಇಟ್ಟರೆ ಆ ಗುರುತು ಮುಂದಿನ ಮೇಳದಲ್ಲಿ ಎದ್ದು ಕಾಣುತ್ತೆ.