ಹೊಳೆ ಪಕ್ಕದ ದಾರಿ ಅಂತ ಮೋಸ ಹೋಗಬೇಡಿ

ಮಲೆನಾಡಿನಲ್ಲಿ ಸೈಕಲ್ ಹೊಡೆಯುವ ಬಗ್ಗೆ ಕೇಳುವುದಿದ್ದರೆ ಬರೆಯಿರಿ ಅಂದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ 'ಯಾವ ಸೈಕಲ್ ಕೊಳ್ಳಲಿ' ಅಂತಲೇ ಇದ್ದವು. ಅವನ್ನು ಪಕ್ಕಕ್ಕಿಟ್ಟಿದ್ದೇನೆ. ಮನೆಯಲ್ಲಿ ಇರುವ ಸೈಕಲ್ಲನ್ನೇ ಒರೆಸಿ ಹೊರಡುವವರಿಗೆ ಈ ಸಲದ ಉತ್ತರಗಳು.

ಪ್ರಶ್ನೆ: ಸಾರ್, ನನಗೆ 36 ವರ್ಷ. ದಿನಾ ಬೆಳಿಗ್ಗೆ 25 ಕಿಲೋಮೀಟರ್ ಹೊಡೆಯುತ್ತೇನೆ, ಎಲ್ಲಾ ಸಮತಟ್ಟು ರಸ್ತೆ. ನಾಲ್ಕು ದಿನ ರಜೆ ಹಾಕಿ ತುಂಗಾ ನದಿ ಪಕ್ಕದಲ್ಲೇ ಶಿವಮೊಗ್ಗದಿಂದ ಶೃಂಗೇರಿಗೆ, ಅಲ್ಲಿಂದ ಆಗುಂಬೆಗೆ, ಆಮೇಲೆ ಆಚೆ ಕುದುರೆಮುಖದ ಕಡೆಗೂ ಹೋಗುವ ಆಸೆ. ನದಿ ಪಕ್ಕದ ದಾರಿಯಲ್ಲಿ ಏರು ಕಮ್ಮಿ ಇರುತ್ತದೆ ಅಂತ ಗೆಳೆಯರು ದಿನಕ್ಕೆ 100 ಕಿಲೋಮೀಟರ್ ಹಾಕಿಕೊಂಡಿದ್ದಾರೆ. ಆಗುತ್ತಾ? — ಓದುಗರೊಬ್ಬರು, ತುಮಕೂರು

ಉತ್ತರ: ಆಗುವುದಿಲ್ಲ. ಮೊದಲ ದಿನ ಹೇಗೋ ಎಳೆಯುತ್ತೀರಿ, ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಗೆಳೆಯರ ಜೊತೆ ಮಾತು ಬಿಟ್ಟಿರುತ್ತೀರಿ.

ಅವರ ಲೆಕ್ಕ ಎಲ್ಲಿ ತಪ್ಪಿದೆ ನೋಡಿ. ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ತೀರ್ಥಹಳ್ಳಿ 590ರ ಹತ್ತಿರ, ಶೃಂಗೇರಿ 670ರ ಹತ್ತಿರ. ಅಂದರೆ ನೂರು ಕಿಲೋಮೀಟರ್‌ಗೂ ಜಾಸ್ತಿ ತುಳಿದು ಕೊನೆಗೆ ಏರಿದ್ದು ನೂರೇ ಮೀಟರ್, ಅಲ್ವಾ? ಆ ಲೆಕ್ಕ ಹೊಳೆಗೆ ಸರಿ. ರಸ್ತೆಗೆ ಅಲ್ಲ. ತುಂಗೆಗೆ ಎರಡೂ ಕಡೆಯಿಂದ ಸಣ್ಣ ಸಣ್ಣ ಹಳ್ಳಗಳು ಬಂದು ಸೇರುತ್ತಲೇ ಇರುತ್ತವೆ, ಪ್ರತಿ ಹಳ್ಳಕ್ಕೂ ರಸ್ತೆ ಇಳಿಯಬೇಕು, ಮೋರಿ ದಾಟಬೇಕು, ಮತ್ತೆ ಆಚೆ ಗುಡ್ಡದ ಮೈ ಹತ್ತಬೇಕು, ಹತ್ತಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಇಳಿಜಾರು ಕಾಣಿಸುತ್ತದೆ. ಘಾಟಿಯಾದರೆ ಒಮ್ಮೆ ಹತ್ತಿದರೆ ಮುಗಿಯಿತು. ಇದು ಮುಗಿಯುವುದೇ ಇಲ್ಲ. ಬಸ್ಸಿನಲ್ಲಿ ಕೂತವರಿಗೆ ಈ ಏರುಗಳು ಗೊತ್ತೇ ಆಗುವುದಿಲ್ಲ, ತೊಡೆಗೆ ಮಾತ್ರ ಒಂದೊಂದೂ ಗೊತ್ತಾಗುತ್ತದೆ.

ನಾನಾದರೆ ಹೀಗೆ ಮಾಡುತ್ತೇನೆ. ರಜೆ ನಾಲ್ಕಲ್ಲ, ಐದು ದಿನ ಹಾಕಿ. ಕುದುರೆಮುಖ ಬಿಡಿ, ಅದಕ್ಕೆ ಇನ್ನೊಂದು ಸಲ ಬನ್ನಿ. ಮೊದಲ ದಿನ ಶಿವಮೊಗ್ಗದಿಂದ ತೀರ್ಥಹಳ್ಳಿ, 60 ಕಿಲೋಮೀಟರ್ ಚಿಲ್ಲರೆ. ಗಾಜನೂರು ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ಹಕ್ಕಿಗಳು, ಎಲ್ಲಾ ಇದೇ ದಾರಿಯಲ್ಲಿವೆ. ಮೈಯಲ್ಲಿ ಕಸುವು ಇರುವ ದಿನ, ಅದಕ್ಕೇ ಉದ್ದದ ಹಾದಿಯನ್ನು ಮೊದಲೇ ಮುಗಿಸಿಬಿಡಿ. ಎರಡನೇ ದಿನ ಕುಪ್ಪಳಿ ಮೇಲೆ ಹಾದು ಕೊಪ್ಪ. ಸುಮ್ನೆ 35 ಕಿಲೋಮೀಟರ್ ಆಸುಪಾಸು. ಕವಿಮನೆ ನೋಡಿ, ಕವಿಶೈಲಕ್ಕೆ ಸೈಕಲ್ ಬಿಟ್ಟು ನಡೆದೇ ಹತ್ತಿ, ಕಾಲಿಗೂ ಬೇರೆ ಥರದ ಕೆಲಸ ಸಿಕ್ಕಿದ ಹಾಗಾಗುತ್ತದೆ. ಮೂರನೇ ದಿನ ಹರಿಹರಪುರದ ಮೇಲೆ ಶೃಂಗೇರಿ. ಇಲ್ಲಿ ಮತ್ತೆ ಹೊಳೆ ಸಿಗುತ್ತದೆ. ಮಧ್ಯಾಹ್ನದೊಳಗೆ ತಲುಪಿ, ಮಠದ ಊಟ ಮಾಡಿ, ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕಿ. ನಾಲ್ಕನೇ ದಿನ ಆಗುಂಬೆ, 30 ಕಿಲೋಮೀಟರ್ ಹತ್ತಿರ ಹತ್ತಿರ. ಐದನೇ ದಿನ ತೀರ್ಥಹಳ್ಳಿಗೆ ವಾಪಸ್, ಅಲ್ಲಿಂದ ಬೇಕಾದರೆ ಬಸ್ಸು.

ಇಷ್ಟು ಕಮ್ಮಿ ಹಾಕಿದ್ದು ಕಾಲಿನ ಮೇಲಿನ ಕರುಣೆಗಲ್ಲ. ಒಂದು ಸಲ ಡಿಸೆಂಬರಿನಲ್ಲಿ ಕೊಪ್ಪದ ಈಚೆ ಕತ್ತಲಾಗುವ ಹೊತ್ತಿಗೆ ಒಂದು ಮನೆಯ ಮುಂದೆ ನೀರು ಕೇಳಲು ನಿಂತೆ. ಅಂಗಳದಲ್ಲಿ ದೊಡ್ಡ ಹಂಡೆ, ಕೆಳಗೆ ಬೆಂಕಿ, ಅಡಿಕೆ ಬೇಯುತ್ತಿತ್ತು. ಆ ಚೊಗರಿನ ವಾಸನೆ ಅರ್ಧ ಮೈಲಿ ಹಿಂದಿನಿಂದಲೇ ಮೂಗಿಗೆ ಹತ್ತಿತ್ತು, ಆದರೆ ಅದು ಯಾವ ಮನೆಯದು ಅಂತ ಗೊತ್ತಿರಲಿಲ್ಲ. ಚಪ್ಪರದ ಕೆಳಗೆ ಏಳೆಂಟು ಜನ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು, ಕೈ ಅದರ ಪಾಡಿಗೆ ಅದು, ಬಾಯಿ ಅದರ ಪಾಡಿಗೆ ಅದು. ಒಬ್ಬ ಅಜ್ಜಿ ನನ್ನ ಸೈಕಲ್ ನೋಡಿ, 'ಬಸ್ಸು ನಿಂತುಹೋಯಿತಾ ತಮ್ಮಾ?' ಅಂದರು. ನೀರು ಕೇಳಿದವನಿಗೆ ಬೆಲ್ಲ, ಆಮೇಲೆ ಕಷಾಯ, ಆಮೇಲೆ ಅಕ್ಕಿ ರೊಟ್ಟಿ. ಎರಡು ಗಂಟೆ ಅಲ್ಲೇ ಹೋಯಿತು. ದಿನಕ್ಕೆ ನೂರು ಕಿಲೋಮೀಟರ್ ಹಾಕಿಕೊಂಡಿದ್ದರೆ ನಾನು ನೀರಿಗೂ ನಿಲ್ಲುತ್ತಿರಲಿಲ್ಲ.

ಪ್ರಶ್ನೆ: ಗೇರ್ ಇಲ್ಲದ, ಅಪ್ಪನ ಕಾಲದ ಕರಿ ಸೈಕಲ್ ಇದೆ. ಒಳ್ಳೇ ಗಟ್ಟಿ. ಇದರಲ್ಲಿ ಮಲೆನಾಡು ಸುತ್ತಬಹುದಾ? — ಓದುಗರೊಬ್ಬರು, ಹಾಸನ

ಉತ್ತರ: ಸುತ್ತಬಹುದು, ಅರ್ಧ ದಾರಿ ನೂಕಿಕೊಂಡು. ತಮಾಷೆಗೆ ಹೇಳುತ್ತಿಲ್ಲ, ಲೆಕ್ಕ ಹಾಕಿ ನೋಡಿ. ಆ ಸೈಕಲ್ಲುಗಳಿಗೆ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು. ಚಕ್ರ 28 ಇಂಚು. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಹತ್ತಿರ ಹತ್ತಿರ ಐದೂವರೆ ಮೀಟರ್ ಮುಂದಕ್ಕೆ ಹೋಗಬೇಕು. ಏರಿನಲ್ಲಿ ಅಷ್ಟನ್ನು ಎಳೆಯಲು ಪೆಡಲ್ ಮೇಲೆ ಎದ್ದು ನಿಂತು ಒದೆಯಬೇಕಾಗುತ್ತದೆ. ಗೇರ್ ಸೈಕಲ್ಲಿನಲ್ಲಿ ಮುಂದೆ 28, ಹಿಂದೆ 34 ಹಲ್ಲು ಹಾಕಿಕೊಂಡರೆ ಅದೇ ಒಂದು ಸುತ್ತಿಗೆ ಎರಡು ಮೀಟರ್ ಕೂಡ ಹೋಗುವುದಿಲ್ಲ. ನಿಧಾನ, ಆದರೆ ಕೂತೇ ತುಳಿಯಬಹುದು. ವ್ಯತ್ಯಾಸ ಇಷ್ಟೇ, ಇದರಲ್ಲಿ ದೇಹದ ಶಕ್ತಿ, ಗಂಡಸುತನ, ಯಾವುದೂ ಇಲ್ಲ.

ನಿಮ್ಮ ಊರಿನ ಸೈಕಲ್ ಶಾಪಿನಲ್ಲಿ ಹಿಂದಿನ ಫ್ರೀವೀಲ್ ತೆಗೆಸಿ 22 ಹಲ್ಲಿನದು ಹಾಕಿಸಿ, ಚೈನು ಸಾಲದಿದ್ದರೆ ಒಂದೆರಡು ಕೊಂಡಿ ಸೇರಿಸುತ್ತಾರೆ. ಆಗ ಐದೂವರೆ ಮೀಟರ್ ನಾಲ್ಕೂವರೆಗೆ ಇಳಿಯುತ್ತದೆ. ಸಣ್ಣ ಏರುಗಳಿಗೆ ಸಾಕು. ದೊಡ್ಡ ಏರು ಬಂದರೆ ಇಳಿದು ನೂಕಿ. ನೂಕುವುದರಲ್ಲಿ ನಾಚಿಕೆ ಏನಿಲ್ಲ, ಗೇರ್ ಇದ್ದವನೂ ಆ ಜಾಗದಲ್ಲಿ ನಿಮ್ಮ ನಡಿಗೆಯ ವೇಗದಲ್ಲೇ ಹೋಗುತ್ತಿರುತ್ತಾನೆ. ಭಯ ಇರುವುದು ಇಳಿಜಾರಿನಲ್ಲಿ. ಕಬ್ಬಿಣದ ಸರಳಿನ ಬ್ರೇಕು, ಮೇಲೆ ಮಳೆಗೆ ನೆನೆದ ರಿಮ್ಮು. ಹಿಡಿದರೆ ಸೈಕಲ್ ನಿಲ್ಲುತ್ತದೆ, ಎಲ್ಲಿ ಅಂತ ಮಾತ್ರ ಹೇಳಲಾಗದು. ಘಾಟಿ ಇಳಿಯಬೇಡಿ.

ಪ್ರಶ್ನೆ: ನಮಸ್ಕಾರ. ಉಡುಪಿಯಲ್ಲಿ ಕಾಲೇಜು ಟೀಚರ್. ಆಗುಂಬೆ ಘಾಟಿಯನ್ನು ಸೋಮೇಶ್ವರದಿಂದ ಸೈಕಲ್ಲಿನಲ್ಲಿ ಹತ್ತಬೇಕು ಅಂತಿದ್ದೇನೆ, ಒಬ್ಬಳೇ. ಅತ್ತೆ 'ಹತ್ತುವುದಕ್ಕಿಂತ ಇಳಿಯುವುದು ಸುಲಭ, ಇಳಿ' ಅನ್ನುತ್ತಾರೆ. — ಓದುಗರೊಬ್ಬರು, ಉಡುಪಿ

ಉತ್ತರ: ಅತ್ತೆಯವರಿಗೆ ನಮಸ್ಕಾರ ಹೇಳಿ, ಆದರೆ ಈ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಡಿ ಮಾರಾಯ್ರೆ. ಹತ್ತುವಾಗ ಸುಸ್ತಾದರೆ ನಿಲ್ಲಬಹುದು. ಇಳಿಯುವಾಗ ಏನಾದರೂ ಕೆಟ್ಟರೆ ನಿಲ್ಲುವುದೇ ಕಷ್ಟ.

ನನ್ನದೇ ಕಥೆ. ಸೈಕಲ್ ಹುಚ್ಚು ಹೊಸದಾಗಿ ಹಿಡಿದಿದ್ದಾಗ ಆಗುಂಬೆಯಿಂದ ಕೆಳಗೆ ಇಳಿದೆ, ಬ್ಯಾಗು ಹೇರಿಕೊಂಡು, ಹೆದರಿಕೆಯಲ್ಲಿ ಎರಡೂ ಬ್ರೇಕ್ ಹಿಡಿದೇ. ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ರಬ್ಬರ್ ಸುಟ್ಟ ವಾಸನೆ. ಯಾವುದೋ ಲಾರಿಯದ್ದು ಅಂದುಕೊಂಡೆ. ಇನ್ನೊಂದು ತಿರುವಿನಲ್ಲಿ 'ಢಮಾರ್' ಅಂತು, ಹಿಂದಿನ ಟ್ಯೂಬು. ರಿಮ್ ಮುಟ್ಟಿ ನೋಡಿದೆ, ಬೆರಳು ಚುರ್ ಅಂತು. ರಿಮ್ ಬ್ರೇಕ್ ಹಿಡಿದೇ ಇದ್ದರೆ ಉಜ್ಜಿದ ಶಾಖ ಎಲ್ಲಾ ರಿಮ್ಮಿಗೆ ಹೋಗುತ್ತದೆ, ಅಲ್ಲಿಂದ ಟ್ಯೂಬಿಗೆ. ಬ್ರೇಕನ್ನು ಒಂದಿಷ್ಟು ಗಟ್ಟಿಯಾಗಿ ಹಿಡಿದು ಪೂರ್ತಿ ಬಿಡಬೇಕು, ಮತ್ತೆ ಹಿಡಿಯಬೇಕು. ಮಧ್ಯೆ ಮಧ್ಯೆ ನಿಂತು ತಣ್ಣಗಾಗಲು ಬಿಡಬೇಕು. ಇದು ನನಗೆ ಆಮೇಲೆ ಗೊತ್ತಾಯಿತು, ಸೋಮೇಶ್ವರದವರೆಗೆ ಸೈಕಲ್ ನೂಕಿಕೊಂಡು ಹೋಗುವಾಗ ಯೋಚಿಸಲು ಬೇಕಾದಷ್ಟು ಸಮಯ ಇತ್ತು.

ಹತ್ತುವುದು ಹೀಗೆ. ಹಿಂದಿನ ರಾತ್ರಿ ಹೆಬ್ರಿಯಲ್ಲಿ ಉಳಿಯಿರಿ, ಬೆಳಕು ಹರಿಯುತ್ತಲೇ ಹೊರಡಿ. ಸೋಮೇಶ್ವರ ದಾಟಿದ ಮೇಲೆ ಕಾಡು. ಒಟ್ಟು 14 ಹೇರ್‌ಪಿನ್ ತಿರುವು. ನಾವು ರಸ್ತೆಯ ಎಡಕ್ಕೆ ಹೋಗುವವರು, ಹಾಗಾಗಿ ಬಲಕ್ಕೆ ತಿರುಗುವ ಹೇರ್‌ಪಿನ್ನಿನಲ್ಲಿ ಹೊರಗಿನ ಅಂಚು ಸಿಗುತ್ತದೆ, ಏರು ಸ್ವಲ್ಪ ಸಡಿಲ, ಅಲ್ಲೇ ಉಸಿರು ತೆಗೆದುಕೊಳ್ಳಬಹುದು. ಎಡಕ್ಕೆ ತಿರುಗುವಲ್ಲಿ ಒಳಗಿನ ಅಂಚು, ಗೋಡೆ ಹತ್ತಿದ ಹಾಗಿರುತ್ತದೆ, ಅದೇ ಜಾಗಕ್ಕೆ ಬಸ್ಸಿನ ಹಿಂದಿನ ಚಕ್ರವೂ ಬರುತ್ತದೆ. ಹಿಂದೆ ಬಸ್ಸಿನ ಸದ್ದು ಕೇಳಿದರೆ ತಿರುವಿಗೆ ಮುಂಚೆಯೇ ಇಳಿದು ನಿಲ್ಲಿ. ಅದು ಹೋಗಲಿ. ನಿಮಗೇನು ಅರ್ಜೆಂಟು?

ಬಾಳೆಹಣ್ಣನ್ನು ಹೊರಗೆ ಕಾಣುವ ಹಾಗೆ ನೇತುಹಾಕಬೇಡಿ. ಘಾಟಿಯ ಮಂಗಗಳು ಕಾರಿನವರು ಹಾಕಿದ್ದನ್ನು ತಿಂದು ತಿಂದು ದರೋಡೆಕೋರರಾಗಿವೆ.

ಒಬ್ಬರೇ ಹೋಗುವುದಾ ಅಂದರೆ, ಹೋಗಿ. ಆಗುಂಬೆಯಲ್ಲಿ ಉಳಿಯುವ ಮನೆಗೆ ಮೊದಲೇ ಫೋನ್ ಮಾಡಿ, ಇಷ್ಟು ಗಂಟೆಗೆ ಬರುತ್ತೇನೆ ಅಂತ ಹೇಳಿಡಿ. ಘಾಟಿಯಲ್ಲಿ ನೆಟ್‌ವರ್ಕನ್ನು ನಂಬಬೇಡಿ. ಮೇಲೆ ತಲುಪಿದ ಕೂಡಲೇ ಅತ್ತೆಯವರಿಗೆ ಫೋನ್ ಮಾಡಿ, ಫೋಟೋ ಆಮೇಲೆ.

ಪ್ರಶ್ನೆ: ಮಳೆಗಾಲದ ಮಲೆನಾಡೇ ಚೆಂದ ಅಲ್ವಾ? ಜುಲೈನಲ್ಲಿ ಬಂದರೆ? — ಓದುಗರೊಬ್ಬರು, ಬೆಂಗಳೂರು

ಉತ್ತರ: ಕಿಟಕಿಯ ಒಳಗಿಂದ ಚೆಂದ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ನಿಮ್ಮ ಬೆಂಗಳೂರಿನ ಏಳೆಂಟು ಪಟ್ಟು ಅಂದುಕೊಳ್ಳಿ. ಅದರಲ್ಲಿ ಜಾಸ್ತಿ ಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ರಸ್ತೆಯ ಅಂಚಿಗೆ ಪಾಚಿ ಕಟ್ಟಿರುತ್ತದೆ, ಸೈಕಲ್ಲಿನವರಿಗೆ ಸಿಗುವುದು ಆ ಅಂಚೇ. ದಸರಾ ಮುಗಿಸಿಕೊಂಡು ಬನ್ನಿ, ಹೊಳೆಯಲ್ಲಿ ನೀರೂ ಇರುತ್ತದೆ, ಗದ್ದೆಯೂ ಹಸಿರು. ಆಗಲೂ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ, ಇರುತ್ತದೆ. ಕಾಲಿಗೆ ಹತ್ತಿದರೆ ಕಿತ್ತೆಸೆಯಬೇಡಿ, ಒಂದು ಬಟ್ಟೆಯಲ್ಲಿ ಉಪ್ಪು ಕಟ್ಟಿಕೊಂಡಿದ್ದು ಮುಟ್ಟಿಸಿ, ತಾನೇ ಬಿಡುತ್ತದೆ.

ಪ್ರಶ್ನೆ: ಸೈಕಲ್ಲನ್ನು ರೈಲಿನಲ್ಲಿ ತರುವುದು ಹೇಗೆ? ದಾರಿಯಲ್ಲಿ ಪಂಕ್ಚರ್ ಆದರೆ? — ಓದುಗರೊಬ್ಬರು, ಮೈಸೂರು

ಉತ್ತರ: ಟಿಕೆಟ್ ತೆಗೆದುಕೊಂಡು, ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಸೈಕಲ್ಲನ್ನು ಲಗೇಜ್ ಅಂತ ಬುಕ್ ಮಾಡಿ, ಬ್ರೇಕ್ ವ್ಯಾನಿಗೆ, ಅಂದರೆ ರೈಲಿನ ಲಗೇಜ್ ಡಬ್ಬಿಗೆ, ಹಾಕುತ್ತಾರೆ. ಗಂಟೆ ಮುಂಚೆ ಹೋಗಿ. ರೈಲು ಹೊರಡುವ ಸ್ಟೇಷನ್ನಿನಲ್ಲೇ ಹತ್ತಿಸಿ, ಎರಡು ನಿಮಿಷ ನಿಲ್ಲುವ ಕಡೆ ಹತ್ತಿಸುವುದು ತಲೆನೋವು. ಹಿಂದಿನ ಗೇರ್ ಇರುವ ಬದಿಗೆ ರಟ್ಟು ಕಟ್ಟಿ, ಮೇಲೆ ಯಾವ ಮೂಟೆ ಬೀಳುತ್ತದೋ ಯಾರಿಗೆ ಗೊತ್ತು.

ಪಂಕ್ಚರಿಗೆ ಎರಡು ಟ್ಯೂಬು, ಪ್ಯಾಚು, ಸಲ್ಯೂಷನ್, ಸಣ್ಣ ಪಂಪು ಜೊತೆಗಿರಲಿ. ನಿಮ್ಮ ಟ್ಯೂಬಿನ ವಾಲ್ವ್ ಯಾವುದು ಅಂತ ಈಗಲೇ ನೋಡಿಕೊಳ್ಳಿ. ಬೈಕಿಗೆ ಇರುವಂಥ ದಪ್ಪ ವಾಲ್ವ್ ಆದರೆ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಎಲ್ಲಿ ಬೇಕಾದರೂ ಬೈಕಿನ ಗಾಳಿ ಅಂಗಡಿಯಲ್ಲಿ ಗಾಳಿ ಹೊಡೆಸಬಹುದು. ಪೆನ್ಸಿಲ್ ಮೊನೆ ಥರ ಸಣ್ಣ ಪ್ರೆಸ್ಟಾ ವಾಲ್ವ್ ಆದರೆ ಅಲ್ಲಿನ ಪೈಪು ಅದಕ್ಕೆ ಕೂರುವುದಿಲ್ಲ. ಅದಕ್ಕೊಂದು ಹಿತ್ತಾಳೆಯ ಅಡಾಪ್ಟರ್ ಬರುತ್ತದೆ, ಬೆರಳಿನ ಉಗುರಿನಷ್ಟು ದೊಡ್ಡದು. ಎರಡು ತೆಗೆದುಕೊಳ್ಳಿ, ಒಂದು ಖಂಡಿತ ಕಳೆದುಹೋಗುತ್ತದೆ.